ಚಾಟರ್ ಲೋಬ್ ನಕ್ಷೆ: ಫೇಸ್ ಲೆಕ್ಕದಲ್ಲಿ ಮಾಯವಾಗುವ ಮೊದಲ ಲೋಬ್

ಮಿಲ್ಲಿಂಗ್ ಮಷಿನ್ ಎಷ್ಟು ಲೋಹ ತೆಗೆಯಬಲ್ಲದು ಎನ್ನುವುದಕ್ಕೆ ಬಹಳ ಸಲ ಮಿತಿ ಹಾಕುವುದು ಮೋಟಾರಿನ ಶಕ್ತಿಯಲ್ಲ, ಚಾಟರ್, ಅಂದರೆ ಕತ್ತರಿಸುವಾಗ ಟೂಲ್‌ನಲ್ಲಿ ತಾನಾಗಿ ಬೆಳೆಯುವ ಕಂಪನ. 15 ಕಿಲೋವ್ಯಾಟ್ ಸ್ಪಿಂಡಲ್ ಇದ್ದರೂ ಕಟ್ 1 ಮಿ.ಮೀ. ದಾಟಿದೊಡನೆ ಟೂಲ್ ಕಿರುಚತೊಡಗಿದರೆ ಉಳಿದ ಶಕ್ತಿ ದಂಡ. ಯಾವ ವೇಗದಲ್ಲಿ ಎಷ್ಟು ಆಳ ಹೋಗಬಹುದು ಎಂದು ತೋರಿಸುವ ಲೋಬ್ ನಕ್ಷೆಯ ಲೆಕ್ಕ ಇಲ್ಲಿದೆ. ಆ ನಕ್ಷೆಯಲ್ಲಿ ಮಿತಿಯ ಗೆರೆ ಬಟ್ಟಲುಗಳ ಸಾಲಿನಂತೆ ಇಳಿದೇರುತ್ತದೆ; ಒಂದೊಂದು ಬಟ್ಟಲೂ ಒಂದು ಲೋಬ್. ಒಂದೇ ಮೋಡ್‌ನ ಕಂಪನ, ಸಂಕೀರ್ಣ ಸಂಖ್ಯೆ ಎರಡೂ ಗೊತ್ತಿವೆ ಎಂದುಕೊಂಡು ಬರೆದಿದ್ದೇನೆ.

ಮೂಲ ಕಾರಣ

ಒಂದು ಹಲ್ಲು ಕೊರೆದು ಹೋದ ಮೇಲ್ಮೈಯಲ್ಲಿ ಸಣ್ಣ ಅಲೆ ಉಳಿಯುತ್ತದೆ. ಮುಂದಿನ ಹಲ್ಲು ತಾನೂ ನಡುಗುತ್ತಾ ಅದೇ ಅಲೆಯನ್ನು ಕೊರೆಯುತ್ತದೆ. ಚಿಪ್‌ನ ದಪ್ಪ = ಫೀಡ್ + ಹಿಂದಿನ ಹಲ್ಲಿನ ಸ್ಥಾನ − ಈಗಿನ ಹಲ್ಲಿನ ಸ್ಥಾನ. ಎರಡು ಅಲೆಗಳೂ ಹೆಜ್ಜೆಗೆ ಹೆಜ್ಜೆ ಸೇರಿದರೆ ದಪ್ಪ ಬದಲಾಗದು, ಬಲವೂ ಬದಲಾಗದು. ಹೆಜ್ಜೆ ತಪ್ಪಿದರೆ ಬಲ ಏರಿಳಿಯುತ್ತದೆ, ಆ ಏರಿಳಿತವೇ ಕಂಪನಕ್ಕೆ ಶಕ್ತಿ ಊಡುತ್ತದೆ. ಉಳಿದ ಲೆಕ್ಕವೆಲ್ಲ ಈ ಎರಡು ಅಲೆಗಳ ನಡುವಿನ ಫೇಸ್‌ನದ್ದೇ, ಅಂದರೆ ಒಂದು ಇನ್ನೊಂದಕ್ಕಿಂತ ಎಷ್ಟು ಹಿಂದೆ ಬಿದ್ದಿದೆ ಎನ್ನುವುದರದ್ದೇ.

ಆಳದ ಮಿತಿ

ಆಳದ ಮಿತಿ = −1 ÷ (2 × ಕತ್ತರಿಸುವ ಬಲದ ಗುಣಾಂಕ × ಟೂಲ್ ತುದಿಯ ಆವೃತ್ತಿ ಪ್ರತಿಕ್ರಿಯೆಯ ನೈಜ ಭಾಗ)

ಗುಣಾಂಕ ಎಂದರೆ ಚಿಪ್‌ನ ಅಡ್ಡಕೊಯ್ತದ ಒಂದು ಚದರ ಮಿ.ಮೀ.ಗೆ ಬೇಕಾಗುವ ಬಲ. ಆವೃತ್ತಿ ಪ್ರತಿಕ್ರಿಯೆ ಎಂದರೆ ಒಂದೊಂದು ಆವೃತ್ತಿಯಲ್ಲೂ ಒಂದು ನ್ಯೂಟನ್ ಬಲಕ್ಕೆ ತುದಿ ಎಷ್ಟು ಅಲುಗುತ್ತದೆ ಎನ್ನುವುದು. ನೈಜ ಭಾಗ ಋಣವಾಗಿರುವ ಆವೃತ್ತಿಗಳು ಮಾತ್ರ ಬೇಕು, ಅಂದರೆ ಸ್ವಾಭಾವಿಕ ಆವೃತ್ತಿಗಿಂತ ಮೇಲಿನವು. ನೈಜ ಭಾಗ ಅತ್ಯಂತ ಋಣವಾದಲ್ಲಿ ಎಲ್ಲ ವೇಗಗಳಿಗೂ ಸಲ್ಲುವ ಸುರಕ್ಷಿತ ಆಳ ಸಿಗುತ್ತದೆ: 2 × ಬಿಗಿತ × ಡ್ಯಾಂಪಿಂಗ್ ಅನುಪಾತ × (1 + ಡ್ಯಾಂಪಿಂಗ್ ಅನುಪಾತ) ÷ ಗುಣಾಂಕ.

ಉದಾಹರಣೆಗೆ ಬಿಗಿತ ಪ್ರತಿ ಮೈಕ್ರಾನ್‌ಗೆ 20 ನ್ಯೂಟನ್, ಡ್ಯಾಂಪಿಂಗ್ 0.03, ಗುಣಾಂಕ ಚದರ ಮಿ.ಮೀ.ಗೆ 1000 ನ್ಯೂಟನ್, ಸ್ವಾಭಾವಿಕ ಆವೃತ್ತಿ 600 ಹರ್ಟ್ಸ್ ಎಂದಿಟ್ಟುಕೊಳ್ಳಿ. ಉತ್ತರ 1.24 ಮಿ.ಮೀ. ಬಿಗಿತ ಮತ್ತು ಡ್ಯಾಂಪಿಂಗ್ ಇಲ್ಲಿ ಗುಣಾಕಾರದಲ್ಲಿ ಕೂತಿವೆ. ಹಾಗಾಗಿ ಬಿಗಿತವನ್ನು ಇಮ್ಮಡಿ ಮಾಡಿ, ಅದೇ ಬದಲಾವಣೆಯಿಂದ ಡ್ಯಾಂಪಿಂಗ್ ಅರ್ಧಕ್ಕೆ ಇಳಿದರೆ ಗಳಿಸಿದ್ದು ಹೆಚ್ಚುಕಡಿಮೆ ಸೊನ್ನೆ.

ಫೇಸ್: ಇಲ್ಲಿ ನಿಧಾನ

ಆಳ ಸಿಕ್ಕಿತು, ಅದು ಯಾವ ವೇಗದ್ದು? ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿನವರೆಗಿನ ಸಮಯದಲ್ಲಿ ಕಂಪನ ಎಷ್ಟು ಆವರ್ತ ಮುಗಿಸುತ್ತದೆ ಎಂದು ಕೇಳಿ. ಒಂದಿಷ್ಟು ಪೂರ್ಣ ಆವರ್ತಗಳು, ಮೇಲೊಂದು ತುಣುಕು. ಪೂರ್ಣ ಸಂಖ್ಯೆಯೇ ಲೋಬ್ ಸಂಖ್ಯೆ: 0, 1, 2, 3... ತುಣುಕು ಹೀಗೆ:

ತುಣುಕಿನ ಕೋನ = 540° + 2 × ಪ್ರತಿಕ್ರಿಯೆಯ ಕೋನ

ನೈಜ, ಕಾಲ್ಪನಿಕ ಭಾಗಗಳೆರಡೂ ಋಣ, ಆದ್ದರಿಂದ ಪ್ರತಿಕ್ರಿಯೆಯ ಕೋನ −180° ಮತ್ತು −90° ನಡುವೆ, ಮೂರನೇ ಚತುರ್ಥಾಂಶದಲ್ಲಿ ಇರಬೇಕು. ಆಗ ತುಣುಕು 180°–360° ನಡುವೆ ಬೀಳುತ್ತದೆ. ಕಾಲ್ಪನಿಕ ಭಾಗವನ್ನು ನೈಜ ಭಾಗದಿಂದ ಭಾಗಿಸಿ ಸಾದಾ ಎಟ್ಯಾನ್ (atan, ವಿಲೋಮ ಟ್ಯಾಂಜೆಂಟ್) ಹಾಕಿದರೆ ಎರಡು ಋಣಚಿಹ್ನೆಗಳೂ ರದ್ದಾಗಿ ಕೋನ 0°–90° ನಡುವೆ ಬರುತ್ತದೆ: ಸರಿಯಾದ್ದಕ್ಕಿಂತ 180° ಹೆಚ್ಚು. ಸೂತ್ರದಲ್ಲಿ ಅದು ಇಮ್ಮಡಿಯಾಗಿ 360°, ಅಂದರೆ ಒಂದು ಪೂರ್ಣ ಆವರ್ತ. ಪ್ರೋಗ್ರಾಂ ದೋಷ ತೋರಿಸುವುದಿಲ್ಲ, ನಕ್ಷೆಯ ಆಕಾರವೂ ಸರಿಯಾಗಿಯೇ ಕಾಣುತ್ತದೆ. ಆದರೆ ಸೊನ್ನೆ ಎಂದು ಬರೆದ ಲೋಬ್ ನಿಜಕ್ಕೂ ಒಂದನೆಯದು, ನಿಜವಾದ ಸೊನ್ನೆಯ ಲೋಬ್ ನಕ್ಷೆಯಲ್ಲೇ ಇಲ್ಲ.

ಅಂಕಿಗಳಲ್ಲಿ ನೋಡಿ. ನೈಜ ಭಾಗ ಅತಿ ಋಣವಾಗುವುದು 617.7 ಹರ್ಟ್ಸ್‌ನಲ್ಲಿ. ಅಲ್ಲಿ ಕೋನ −134.2°, ತುಣುಕು 271.7°, ಅಂದರೆ 0.7546 ಆವರ್ತ. 4 ಹಲ್ಲಿನ ಕಟರ್‌ಗೆ ಲೋಬ್‌ನ ತಳ ಬೀಳುವ ವೇಗ:

60 × 617.7 ÷ (4 × (ಲೋಬ್ ಸಂಖ್ಯೆ + 0.7546))

ಸೊನ್ನೆಗೆ 12,279 ಆರ್‌ಪಿಎಂ, ಒಂದಕ್ಕೆ 5,281, ಎರಡಕ್ಕೆ 3,364, ಮೂರಕ್ಕೆ 2,468. ತಪ್ಪು ಕೋನದ ನಕ್ಷೆ 5,281ರಿಂದ ಶುರುವಾಗಿ ಅದರಾಚೆ ಗೆರೆ ಏರುತ್ತಲೇ ಹೋಗುತ್ತದೆ. 12,279ರಲ್ಲಿ 30 ಮಿ.ಮೀ.ಗೂ ಹೆಚ್ಚು ಆಳ ಹೋಗಬಹುದು ಎನ್ನುತ್ತದೆ. ನಿಜವಾದ ಮಿತಿ ಅಲ್ಲಿ 1.24 ಮಿ.ಮೀ. ಕೋಡ್‌ನಲ್ಲಿ ಎರಡೂ ಚಿಹ್ನೆಗಳನ್ನು ನೋಡಿ ಕೋನ ಕೊಡುವ ಎಟ್ಯಾನ್2 (atan2) ಬಳಸಿ, ಮೊದಲು ಕಾಲ್ಪನಿಕ ಭಾಗ, ಆಮೇಲೆ ನೈಜ ಭಾಗ ಕೊಡಿ. ತುಣುಕು 180°–360°ರ ಹೊರಗೆ ಹೋದರೆ ನಿಲ್ಲುವಂತೆ ಒಂದು ಸಾಲು ಸೇರಿಸಿ, ಅಷ್ಟು ಸಾಕು.

ಆವೃತ್ತಿಯ ಹೆಜ್ಜೆಯಲ್ಲೂ ಒಂದು ಗುಂಡಿ ಇದೆ. ಸೊನ್ನೆ ಮತ್ತು ಒಂದನೇ ಲೋಬ್‌ಗಳು ಸಂಧಿಸುವ ಬಿಂದುವಿಗೆ ಒಂದು ಕಡೆಯಿಂದ ಸುಮಾರು 600.8 ಹರ್ಟ್ಸ್, ಇನ್ನೊಂದು ಕಡೆಯಿಂದ ಸುಮಾರು 926 ಹರ್ಟ್ಸ್ ಬೇಕು. 601ರಿಂದ 1 ಹರ್ಟ್ಸ್ ಹೆಜ್ಜೆಯಲ್ಲಿ ಹೋದರೆ ಮೊದಲನೆಯದು ತಪ್ಪುತ್ತದೆ, 700ಕ್ಕೆ ನಿಲ್ಲಿಸಿದರೆ ಎರಡನೆಯದು. ಸ್ವಾಭಾವಿಕ ಆವೃತ್ತಿಯ ಬಳಿ 0.1 ಹರ್ಟ್ಸ್ ಹೆಜ್ಜೆ ಇಟ್ಟು, ಅದರ 1.6 ಪಟ್ಟಿನವರೆಗೆ ಹೋಗಿ.

ಇಲ್ಲಿಯವರೆಗಿನದು ಬಲದ ದಿಕ್ಕು ಬದಲಾಗದು ಎಂದು ಹಿಡಿದ ಸರಳ ಮಾದರಿ. ಇದರಿಂದ ವೇಗದ ಅಕ್ಷವನ್ನು ಮಿಲ್ಲಿಂಗ್‌ಗೆ ಬಹುಮಟ್ಟಿಗೆ ಒಯ್ಯಬಹುದು, ಆಳದ ಅಕ್ಷವನ್ನು ಹಾಗೆ ಒಯ್ಯಲಾಗದು. ಮಿಲ್ಲಿಂಗ್‌ನಲ್ಲಿ ಬಲದ ದಿಕ್ಕು ತಿರುಗುತ್ತಿರುತ್ತದೆ, ಏಕಕಾಲಕ್ಕೆ ಕಟ್‌ನಲ್ಲಿರುವ ಹಲ್ಲುಗಳ ಸಂಖ್ಯೆಯೂ ಬದಲಾಗುತ್ತದೆ. ಅದಕ್ಕೆ ಆಲ್ಟಿಂಟಾಶ್ ಮತ್ತು ಬುಡಕ್ 1995ರಲ್ಲಿ ಪ್ರಕಟಿಸಿದ ಸರಾಸರಿ ದಿಕ್ಕು ಗುಣಾಂಕಗಳ ವಿಧಾನ ಬೇಕು.

ಅನುರಣನದ ಮೇಲೇ ಓಡಿಸುವುದೇ?

ಎರಡು ಲೋಬ್‌ಗಳ ನಡುವಿನ ದೊಡ್ಡ ಸುರಕ್ಷಿತ ಜಾಗ ಸುಮಾರು 9,140 ಆರ್‌ಪಿಎಂನಲ್ಲಿದೆ. 9,000ದಲ್ಲಿ ಹಲ್ಲು ತಾಗುವ ಆವೃತ್ತಿ ಸರಿಯಾಗಿ 600 ಹರ್ಟ್ಸ್, ಅಂದರೆ ಸ್ವಾಭಾವಿಕ ಆವೃತ್ತಿಯೇ. ಅನುರಣನ ತಪ್ಪಿಸಬೇಕು ಎಂದು ಕಲಿತವರಿಗೆ ಇದು ಉಲ್ಟಾ ಅನಿಸುತ್ತದೆ. ಆದರೆ ಅಲ್ಲಿ ಒಂದೊಂದು ಹಲ್ಲಿಗೂ ಸುಮಾರು ಒಂದು ಪೂರ್ಣ ಆವರ್ತ ಸಿಗುವುದರಿಂದ ಹಳೆಯ ಅಲೆ, ಹೊಸ ಅಲೆ ಸೇರಿಬಿಡುತ್ತವೆ. ತಾನಾಗಿ ಬೆಳೆಯುವ ಕಂಪನಕ್ಕೆ ಊಟ ಸಿಗುವುದಿಲ್ಲ. ಹಲ್ಲಿನ ಹೊಡೆತದಿಂದ ಆಗುವ ಬಲವಂತದ ಕಂಪನ ಮಾತ್ರ ದೊಡ್ಡದಾಗಿಯೇ ಇರುತ್ತದೆ. ಅದು ಬೆಳೆಯುತ್ತ ಹೋಗುವುದಿಲ್ಲ, ಆದರೆ ಗೋಡೆಯ ಅಳತೆಯನ್ನು ಆಚೀಚೆ ಸರಿಸಬಲ್ಲದು. ರಫಿಂಗ್‌ಗೆ ಈ ಜಾಗ ಚಿನ್ನ. ಫಿನಿಶಿಂಗ್‌ಗೆ ಶಿಖರದಿಂದ ಸ್ವಲ್ಪ ಪಕ್ಕಕ್ಕೆ ಸರಿದು ಅಳತೆ ನೋಡಿಕೊಳ್ಳಬೇಕು.

ನಕ್ಷೆ ಇಲ್ಲದಾಗ

ಮೈಕ್ ಇಟ್ಟು ಕಟ್‌ನ ಸದ್ದನ್ನು ಎಫ್‌ಎಫ್‌ಟಿಗೆ (ಸದ್ದನ್ನು ಆವೃತ್ತಿಗಳಾಗಿ ಬಿಡಿಸುವ ಲೆಕ್ಕ) ಹಾಕಿ. ಸ್ಪಿಂಡಲ್ ಸುತ್ತಿನ ಆವೃತ್ತಿಯ ಪೂರ್ಣ ಗುಣಕಗಳೆಲ್ಲ ಸಹಜ: ಹಲ್ಲಿನ ಹೊಡೆತ, ರನ್‌ಔಟ್ (ಟೂಲ್ ನಡುವಿನಿಂದ ಚೂರು ಸರಿದು ತಿರುಗುವುದು). ಅವುಗಳಲ್ಲಿ ಸೇರದ ಎತ್ತರದ ಶಿಖರವೇ ಚಾಟರ್. ಹೊಸ ವೇಗ = 60 × ಚಾಟರ್ ಆವೃತ್ತಿ ÷ (ಹಲ್ಲುಗಳು × 1, 2, 3...). 617.7 ಹರ್ಟ್ಸ್ ಹಾಕಿದರೆ 9,266 ಬರುತ್ತದೆ. ನಿಜವಾದ ಶಿಖರಕ್ಕಿಂತ ಚೂರು ಮೇಲೆ, ಏಕೆಂದರೆ ಈ ಮಾದರಿಯಲ್ಲಿ ಚಾಟರ್ ಆವೃತ್ತಿ ಸ್ವಾಭಾವಿಕ ಆವೃತ್ತಿಗಿಂತ ಹೆಚ್ಚೇ ಇರುತ್ತದೆ. ಮತ್ತೆ ಸದ್ದು ಬಂದರೆ ಹೊಸ ಆವೃತ್ತಿ ಹಾಕಿ ಇನ್ನೊಮ್ಮೆ ಲೆಕ್ಕಿಸಿ.

ಧ್ವನಿಮುದ್ರಣ ತೀರ ಚಿಕ್ಕದಿರಬಾರದು. ನಮ್ಮ ಉದಾಹರಣೆಯ 5,281ರಲ್ಲಿ ಸ್ಪಿಂಡಲ್‌ನ ಏಳನೇ ಗುಣಕ 616.1 ಹರ್ಟ್ಸ್, ಚಾಟರ್ 617.7. ಅರ್ಧ ಸೆಕೆಂಡಿನ ತುಣುಕಿನಲ್ಲಿ ಬೇರ್ಪಡಿಸುವ ಶಕ್ತಿ 2 ಹರ್ಟ್ಸ್ ಮಾತ್ರ, ಎರಡೂ ಒಂದೇ ಶಿಖರವಾಗಿ ಕಾಣುತ್ತವೆ. 2 ಸೆಕೆಂಡ್ ತೆಗೆದುಕೊಳ್ಳಿ.

ವಿನ್ಯಾಸಕಾರನ ಕೈಯಲ್ಲಿರುವುದು

ಟೂಲ್ ಎಷ್ಟು ಹೊರಚಾಚಿದೆ ಎನ್ನುವುದು ಮೊದಲು. ಹೊರಚಾಚಿದ ದುಂಡು ಕಂಬಿಯ ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ, ಉದ್ದದ ಮೂರನೇ ಘಾತಕ್ಕೆ ಇಳಿಯುತ್ತದೆ. ಉದ್ದ 25% ಹೆಚ್ಚಿದರೆ ಬಿಗಿತ ಅರ್ಧದಷ್ಟಾಗುತ್ತದೆ. ಡ್ಯಾಂಪಿಂಗ್‌ನ ಹೆಚ್ಚಿನ ಪಾಲು ಜೋಡಣೆಯ ಸಂದುಗಳಿಂದ ಬರುತ್ತದೆ, ಲೋಹದ ಒಳಗಿನಿಂದಲ್ಲ. ಆದ್ದರಿಂದ ಹೋಲ್ಡರ್ ಬದಲಿಸಿದರೆ ನಕ್ಷೆಯೂ ಬದಲಾಗುತ್ತದೆ, ಹಳೆಯದನ್ನು ನಂಬಬೇಡಿ.

ಸುತ್ತಿಗೆಯಿಂದ ತಟ್ಟಿ ಆವೃತ್ತಿ ಪ್ರತಿಕ್ರಿಯೆ ಅಳೆಯುವ ಪರೀಕ್ಷೆಯನ್ನು ಟೂಲ್ ತುದಿಯಲ್ಲೇ ಮಾಡಿ. ಸಣ್ಣ ಕಟರ್‌ಗೆ ಭಾರದ ಆಕ್ಸಿಲರೋಮೀಟರ್ (ಕಂಪನ ಅಳೆಯುವ ಸೆನ್ಸರ್) ಅಂಟಿಸಿದರೆ ಆವೃತ್ತಿ ಕೆಳಗಿಳಿದು ಲೋಬ್‌ಗಳೆಲ್ಲ ಎಡಕ್ಕೆ ಸರಿಯುತ್ತವೆ. ಅಳೆಯುವಾಗ ಸ್ಪಿಂಡಲ್ ನಿಂತಿರುತ್ತದೆ ಎಂಬುದೂ ನೆನಪಿರಲಿ. ಹೆಚ್ಚು ವೇಗದಲ್ಲಿ ಬೇರಿಂಗ್ ಗುಂಡುಗಳ ಕೇಂದ್ರಾಪಗಾಮಿ ಬಲದಿಂದ ಬೇರಿಂಗ್‌ನ ಬಿಗಿತ ಕುಗ್ಗಬಹುದು. ಆಗ ಲೆಕ್ಕದ 9,140ಕ್ಕಿಂತ ನಿಜವಾದ ಶಿಖರ ಕೆಳಗೆ ಸಿಗುತ್ತದೆ. 200–300 ಆರ್‌ಪಿಎಂ ಹೆಜ್ಜೆಯಲ್ಲಿ ಇಳಿಸುತ್ತಾ ಮೈಕ್‌ನಿಂದ ಪರೀಕ್ಷಿಸಿ. ಕಡಿಮೆ ವೇಗದ ತುದಿಯಲ್ಲಿ ನಕ್ಷೆ ಜಿಪುಣ: ಹಲ್ಲಿನ ಹಿಂಬದಿ ಒತ್ತೊತ್ತಾದ ಅಲೆಗಳಿಗೆ ಉಜ್ಜಿ ಹೆಚ್ಚುವರಿ ಡ್ಯಾಂಪಿಂಗ್ ಕೊಡುವುದರಿಂದ ಲೆಕ್ಕಕ್ಕಿಂತ ಆಳಕ್ಕೆ ಹೋಗಬಹುದು.

ಚಾಟರ್ ಇಲ್ಲದೆ ಆಳಕ್ಕೆ ಹೋದರೆ ಸೆಕೆಂಡಿಗೆ ಹೆಚ್ಚು ಲೋಹ ತೆಗೆಯಬಹುದು, ಆದ್ದರಿಂದ ವಿದ್ಯುತ್ ಉಳಿತಾಯಕ್ಕೂ ಇದು ನೇರ ಸಂಬಂಧಿ. ಪಂಪು, ಫ್ಯಾನು, ಕಂಟ್ರೋಲರ್‌ಗಳಿಗೆ ಸದಾ 5 ಕಿಲೋವ್ಯಾಟ್, ಕತ್ತರಿಸಲು ಘನ ಸೆಂ.ಮೀ.ಗೆ 2 ಕಿಲೋಜೌಲ್ ಎಂದುಕೊಳ್ಳಿ. ಸೆಕೆಂಡಿಗೆ 1 ಘನ ಸೆಂ.ಮೀ. ತೆಗೆದರೆ ಘನ ಸೆಂ.ಮೀ.ಗೆ ಒಟ್ಟು 7 ಕಿಲೋಜೌಲ್. 3 ತೆಗೆದರೆ 3.67.