ಬಿಳೀದು, ದುಂಡಗೆ, ಸಣ್ಣದು

"ಬಿಳೀದು ಸರ್, ದುಂಡಗೆ, ಸಣ್ಣದು. ಯಾವುದಕ್ಕೆ ಇದು?" ದಾವಣಗೆರೆಯ ನನ್ನ ಔಷಧಿ ಅಂಗಡಿಗೆ ಇಂಥ ಫೋನ್ ಬರುತ್ತಲೇ ಇರುತ್ತದೆ. ಅಂಗಡಿಯ ಅರ್ಧ ಗುಳಿಗೆಗಳು ಬಿಳಿ, ದುಂಡಗೆ, ಸಣ್ಣವೇ. ಬಿಪಿಯದೂ ಹಾಗೇ, ಅಲರ್ಜಿಯದೂ ಹಾಗೇ. ನಾನೇನು ಹೇಳಲಿ?

ತುರ್ತಿಗೆ ಇರಲಿ ಅಂತ ಸಣ್ಣ ಪೌಚ್ ಇಟ್ಟುಕೊಳ್ಳುವವರು ಈಗ ಜಾಸ್ತಿ. ಒಳ್ಳೆಯದೇ. ಬ್ಯಾಂಡೇಜು, ಹತ್ತಿ, ಸೇಫ್ಟಿ ಪಿನ್ನು ನೀವೇ ಇಟ್ಟುಕೊಳ್ತೀರಿ. ನನ್ನ ತಕರಾರು ಗುಳಿಗೆಗಳದ್ದು. ಜಾಗ ಸಾಲದು ಅಂತ ಸ್ಟ್ರಿಪ್ಪಿನಿಂದ ಬಿಡಿಸಿ ಎಲ್ಲವನ್ನೂ ಒಂದೇ ಕವರಿಗೆ ಸುರಿಯುತ್ತಾರೆ. ಇಲ್ಲವೇ ಎರಡೆರಡು ಕತ್ತರಿಸಿ ಇಡುತ್ತಾರೆ. ಅವಧಿ ಮುಗಿಯುವ ತಿಂಗಳು ಎಷ್ಟೋ ಸ್ಟ್ರಿಪ್ಪುಗಳಲ್ಲಿ ಒಂದು ತುದಿಯಲ್ಲಷ್ಟೇ ಇರುತ್ತದೆ. ಕತ್ತರಿಸಿದ ತುಂಡಿನಲ್ಲಿ ಅದಿಲ್ಲ, ಹೆಸರೂ ಅರ್ಧ. 500 ಮಿಲಿಗ್ರಾಮೋ 650ಓ ಗೊತ್ತಾಗದು. ಬಿಡಿಸಿಟ್ಟ ಗುಳಿಗೆಗೆ ತೇವವೂ ತಾಗುತ್ತದೆ. "ಎರಡೇ ಕೊಡಿ" ಅಂದಾಗ ಕತ್ತರಿ ಹಿಡಿಯುವವರು ನಾವೇ, ಒಪ್ಪಿಕೊಳ್ಳುತ್ತೇನೆ.

ಒಮ್ಮೆ ಚಿತ್ರದುರ್ಗದ ಕೋಟೆಯಿಂದ ಒಬ್ಬ ಹುಡುಗ ಫೋನ್ ಮಾಡಿದ. ಏಕನಾಥೇಶ್ವರಿ ಗುಡಿ ಹತ್ತಿರ ಅವನ ತಾಯಿಗೆ ಬೆವರು, ನಡುಕ. ಸಕ್ಕರೆ ಕಾಯಿಲೆಯವರು. ಬೆಳಿಗ್ಗೆ ಗುಳಿಗೆ ನುಂಗಿದ್ದಾರೆ, ತಿಂಡಿ ಸರಿಯಾಗಿ ತಿಂದಿಲ್ಲ. ರಕ್ತದಲ್ಲಿ ಸಕ್ಕರೆ ತೀರಾ ಇಳಿದಿರುವ ಲಕ್ಷಣ. ಪೌಚಿನಲ್ಲಿ ಬಿಡಿ ಗುಳಿಗೆ ಎಂಟೋ ಹತ್ತೋ. "ತಲೆಸುತ್ತಿಂದು ಯಾವುದು ಸರ್?" ಅದೇ ರಾಶಿಯಲ್ಲಿ ಸಕ್ಕರೆ ಇಳಿಸುವ ಗುಳಿಗೆಯೂ ಇತ್ತು! ಅದು ಕೈಗೆ ಬಂದಿದ್ದರೆ? "ಯಾವುದೂ ಬೇಡಪ್ಪ. ಅಮ್ಮ ಮಾತಾಡ್ತಾರಾ, ನುಂಗ್ತಾರಾ ನೋಡು. ಮೂರು ಚಮಚ ಸಕ್ಕರೆ ಕೊಡು" ಅಂದೆ. ಸಕ್ಕರೆ ಎಲ್ಲಿ? ಪಕ್ಕದವರ ಚೀಲದಲ್ಲಿ ಹಣ್ಣಿನ ಜ್ಯೂಸ್ ಸಿಕ್ಕಿತು. ಕಾಲು ಗಂಟೆಯಲ್ಲಿ ಚೇತರಿಸಿಕೊಂಡರು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕು.

ಹಾಗಾಗಿ ಇಡೀ ಸ್ಟ್ರಿಪ್ಪೇ ಇಡಿ. ಮಡಚಬೇಡಿ, ಪೌಚನ್ನೇ ಸ್ಟ್ರಿಪ್ಪಿಗಿಂತ ಒಂದು ಬೆರಳು ಹೆಚ್ಚು ಉದ್ದದ್ದು ತಗೊಳ್ಳಿ. ಕತ್ತರಿಸಿದ್ದೇ ಸಿಕ್ಕಿದರೆ ಹೆಸರು, ಮಿಲಿಗ್ರಾಂ, ಅವಧಿ, ಯಾರಿಗೆ, ಯಾವುದಕ್ಕೆ ಅಂತ ಚೀಟಿ ಬರೆದು ಜೊತೆಗೆ ಸುತ್ತಿಡಿ. ಕನ್ನಡದಲ್ಲೇ ಬರೆಯಿರಿ, ಪೌಚ್ ತೆರೆಯುವವರು ನೀವೇ ಆಗಿರಬೇಕೆಂದಿಲ್ಲ ಅಲ್ವಾ? ಹೃದಯದ ಗುಳಿಗೆ, ಇನ್‌ಹೇಲರ್ ವೈದ್ಯರು ಯಾರಿಗೆ ಬರೆದಿದ್ದಾರೋ ಅವರಿಗೆ ಮಾತ್ರ. ಮಕ್ಕಳ ಜ್ವರದ ಔಷಧಿ ತೂಕ ನೋಡಿ ಕೊಡುವಂಥದ್ದು, ದೊಡ್ಡವರ ಗುಳಿಗೆ ಅರ್ಧ ಮಾಡಿ ಅಂದಾಜಿನ ಮೇಲೆ ಕೊಡಬೇಡಿ. ಭೇದಿಯಾದಾಗ ಕುಡಿಯುವ ಓಆರ್‌ಎಸ್ ಪುಡಿ ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ನೀರಿಗೆ. ಲೋಟಕ್ಕೆ ಇಷ್ಟಿಷ್ಟು ಉದುರಿಸಿಕೊಳ್ಳುವುದಲ್ಲ.

ಮತ್ತೆ ಪೌಚನ್ನು ಬೈಕಿನ ಡಿಕ್ಕಿಯಲ್ಲಿ ಇಡಬೇಡಿ. ನಮ್ಮೂರ ಏಪ್ರಿಲ್ ಬಿಸಿಲಿಗೆ ಡಿಕ್ಕಿ ಒಲೆಯಾಗುತ್ತದೆ. ಎಷ್ಟೋ ಗುಳಿಗೆಗಳ ಮೇಲೆ 30 ಡಿಗ್ರಿ ಒಳಗೆ ಇಡಿ ಅಂತ ಬರೆದೇ ಇರುತ್ತದೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎಲ್ಲ ಹೊರಗೆ ತೆಗೆದು ತಾರೀಖು ನೋಡಿ. ಓದಲು ಆಗದಿದ್ದರೆ ಅಂಗಡಿಗೆ ತನ್ನಿ, ನೋಡಿ ಹೇಳ್ತೇನೆ. ಫೋನಿನಲ್ಲಿ ಮಾತ್ರ ಬಣ್ಣ ಹೇಳಿ ಕೇಳಬೇಡಿ.