ಚೌಕದ ಮೇಲೆ ಆಷಾಢದ ಬೆಳಕು

ಮೂರೂವರೆ ಇಂಚಿನ ಕಾಗದದ ಚೌಕ. ಅದರ ತುಂಬ ಕರಿ ಮಸಿಯ ಗೆರೆಗಳು. ಗೆರೆ ಎಲ್ಲ ಎಳೆದು ಮುಗಿದ ಮೇಲೂ ಅದು ಜಮಖಾನೆಯ ಹಾಗೆ ಚಪ್ಪಟೆಯಾಗೇ ಇರುತ್ತದೆ. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಗೆರೆಗಳ ಪಕ್ಕದಲ್ಲಿ ಅಲ್ಲಲ್ಲಿ ಹಗುರವಾಗಿ ತೀಡಬೇಕು. ಕಾಗದ ಸುತ್ತಿ ಮಾಡಿದ ಚೂಪು ಕಡ್ಡಿಯಿಂದ ಅದನ್ನು ಉಜ್ಜಬೇಕು. ಅಷ್ಟೇ. ಒಂದು ಪಟ್ಟಿ ಇನ್ನೊಂದರ ಕೆಳಗೆ ನುಸುಳುತ್ತದೆ. ಮುತ್ತುಗಳು ದುಂಡಾಗುತ್ತವೆ. ಮಧ್ಯದಲ್ಲಿ ಒಂದು ಗುಂಡಿ ತೆರೆದುಕೊಳ್ಳುತ್ತದೆ. ಐದು ನಿಮಿಷದ ಕೆಲಸ. ಆ ಐದು ನಿಮಿಷದಲ್ಲಿ ಏನಾಗುತ್ತದೆ ಎನ್ನುವುದೇ ನನ್ನನ್ನು ಎಷ್ಟೋ ದಿನದಿಂದ ಹಿಡಿದಿಟ್ಟಿದೆ.

ಈ ಪದ್ಧತಿಗೆ ಝೆಂಟ್ಯಾಂಗಲ್ ಎಂದು ಹೆಸರು. ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರಿಕ್ ರಾಬರ್ಟ್ಸ್ ಮತ್ತು ಮರಿಯಾ ಥಾಮಸ್ ಎಂಬ ಇಬ್ಬರು ಇದನ್ನು ಶುರು ಮಾಡಿದರು. ಮರಿಯಾ ಅಂದದ ಅಕ್ಷರ ಬರೆಯುವ ಕಲಾವಿದೆ. ರಿಕ್ ಹಿಂದೆ ಸನ್ಯಾಸಿಯ ಹಾಗೆ ಬದುಕಿದ್ದವರು. ಒಂದು ದೊಡ್ಡ ಅಕ್ಷರದ ಹಿನ್ನೆಲೆಗೆ ಸಣ್ಣ ಸಣ್ಣ ವಿನ್ಯಾಸ ತುಂಬುವಾಗ ಹೊತ್ತು ಹೋದದ್ದೇ ತಿಳಿಯಲಿಲ್ಲ ಎಂದು ಮರಿಯಾ ಹೇಳಿದರಂತೆ. ನೀನು ಹೇಳುತ್ತಿರುವುದು ಧ್ಯಾನವನ್ನೇ ಎಂದರಂತೆ ರಿಕ್. ಅಲ್ಲಿಂದ ಒಂದು ಕ್ರಮ ಹುಟ್ಟಿತು. ಪೆನ್ಸಿಲ್‌ನಲ್ಲಿ ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ. ಚುಕ್ಕಿಗಳನ್ನು ಸೇರಿಸಿ ಒಂದು ಅಂಚು. ಒಳಗೆ ಮನಸ್ಸಿಗೆ ಬಂದ ಹಾಗೆ ಒಂದು ಎಳೆ. ಆ ಎಳೆಯಿಂದಾದ ಕೋಣೆಗಳಲ್ಲಿ ಕಾಲು ಮಿಲಿಮೀಟರ್ ಗೆರೆ ಬೀಳುವ ಮಸಿ ಪೆನ್ನಿನಿಂದ ವಿನ್ಯಾಸ. ಕೊನೆಗೆ ನೆರಳು. ರಬ್ಬರ್ ಇಲ್ಲ. ತಪ್ಪಿದರೆ ಅದನ್ನೇ ಮುಂದುವರಿಸಬೇಕು.

ಚುಕ್ಕಿ, ಎಳೆ ಎಂದ ಕೂಡಲೇ ‘ಇದು ನಮ್ಮ ರಂಗೋಲಿ ಅಲ್ವಾ’ ಎನ್ನುವವರು ನನಗೆ ಬೇಕಾದಷ್ಟು ಸಿಕ್ಕಿದ್ದಾರೆ. ಅಲ್ಲ. ಚುಕ್ಕಿ ರಂಗೋಲಿಯಲ್ಲಿ ಇಡೀ ಚಿತ್ರ ಚುಕ್ಕಿಯ ಲೆಕ್ಕಕ್ಕೆ ಕಟ್ಟುಬಿದ್ದಿರುತ್ತದೆ. ಹದಿನೈದರಿಂದ ಎಂಟು ಎಂದರೆ ಅದು ಹದಿನೈದರಿಂದ ಎಂಟೇ. ಇಲ್ಲಿನ ನಾಲ್ಕು ಚುಕ್ಕಿಗೆ ಮೂಲೆ ಕಾಯುವುದು ಬಿಟ್ಟು ಬೇರೆ ಕೆಲಸವಿಲ್ಲ. ರಂಗೋಲಿಗೆ ಅದರದೇ ಹಿರಿಮೆ ಇದೆ, ಇನ್ನೊಂದರ ತಾಯಿ ಎನಿಸಿಕೊಳ್ಳುವ ಅಗತ್ಯ ಅದಕ್ಕಿಲ್ಲ.

ಇದಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸುವ ಮಾತು ಇನ್ನೊಂದಿದೆ. ಇಂಥ ಚಿತ್ರ ಬರೆದರೆ ‘ಬಲ ಮೆದುಳು ಎಚ್ಚರವಾಗುತ್ತದೆ’, ವಿನ್ಯಾಸದಿಂದ ‘ಕಂಪನ’ ಹೊರಟು ಕಾಯಿಲೆ ವಾಸಿಯಾಗುತ್ತದೆ ಎನ್ನುವ ಮಾತು. ಮೆದುಳಿನ ಎರಡು ಭಾಗಗಳ ಕೆಲಸದಲ್ಲಿ ವ್ಯತ್ಯಾಸ ಇರುವುದು ನಿಜ. ಅದನ್ನು ತೋರಿಸಿದ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಆದರೆ ಆತ ಪರೀಕ್ಷಿಸಿದ್ದು ಎರಡು ಭಾಗಗಳನ್ನು ಜೋಡಿಸುವ ನರಗಳ ಕಟ್ಟನ್ನೇ ಮೂರ್ಛೆರೋಗದ ಚಿಕಿತ್ಸೆಗಾಗಿ ಕತ್ತರಿಸಿದ್ದ ರೋಗಿಗಳನ್ನು. ನಮ್ಮ ನಿಮ್ಮ ತಲೆಯಲ್ಲಿ ಆ ಸೇತುವೆ ಹಾಗೇ ಇದೆ. ಗೆರೆ ಎಳೆಯುವಾಗ ಎರಡೂ ಕಡೆ ದುಡಿಯುತ್ತವೆ. ಮದ್ದು ಬಿಟ್ಟು ವಿನ್ಯಾಸ ಹಿಡಿಯಿರಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಹಾಗಂತ ಏನೂ ಆಗುವುದಿಲ್ಲ ಎಂದಲ್ಲ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 84 ವಿದ್ಯಾರ್ಥಿಗಳಿಗೆ ಮೊದಲು ಸ್ವಲ್ಪ ಆತಂಕ ಹುಟ್ಟಿಸಿ, ಆಮೇಲೆ ಬಣ್ಣ ತುಂಬಲು ಕೊಟ್ಟರು. ಕೆಲವರಿಗೆ ಮಂಡಲ, ಕೆಲವರಿಗೆ ಚೌಕಳಿ, ಕೆಲವರಿಗೆ ಖಾಲಿ ಹಾಳೆ. ಮಂಡಲದವರ ಆತಂಕವೂ ಇಳಿಯಿತು, ಚೌಕಳಿಯವರದ್ದೂ ಇಳಿಯಿತು. ಖಾಲಿ ಹಾಳೆಯವರಿಗೆ ಅಷ್ಟು ಪ್ರಯೋಜನವಾಗಲಿಲ್ಲ. ಲುಂಗಿಯ ಚೌಕಳಿಯೂ ಮಂಡಲದಷ್ಟೇ ಕೆಲಸ ಮಾಡಿತು ಎಂದರೆ, ಗುಣ ಆಕೃತಿಯಲ್ಲಿಲ್ಲ. ಕೈಗೆ ಒಂದು ಕಟ್ಟುಪಾಡಿನ ಕೆಲಸ ಸಿಕ್ಕಿದ್ದರಲ್ಲಿದೆ. ಇಂಗ್ಲೆಂಡಿನ ಜಾಕಿ ಆಂಡ್ರೇಡ್ ಮಾಡಿದ ಇನ್ನೊಂದು ಪ್ರಯೋಗ ನನಗೆ ಇನ್ನೂ ಇಷ್ಟ. 40 ಜನರಿಗೆ ಬೇಸರ ಹುಟ್ಟಿಸುವ ಒಂದು ಫೋನ್ ಸಂದೇಶ ಕೇಳಿಸಿದರು. ಅರ್ಧ ಜನರಿಗೆ, ಕೇಳುತ್ತಲೇ ಕಾಗದದ ಮೇಲಿನ ಆಕಾರಗಳ ಒಳಗೆ ಪೆನ್ಸಿಲ್ ತೀಡುತ್ತಾ ಇರಿ ಎಂದರು. ತೀಡಿದವರಿಗೆ ಸಂದೇಶದ ವಿವರಗಳು 29% ಜಾಸ್ತಿ ನೆನಪಿದ್ದವು! ತರಗತಿಯಲ್ಲಿ ನೋಟ್‌ಬುಕ್ಕಿನ ಅಂಚು ತುಂಬಿಸುವ ಮಕ್ಕಳನ್ನು ಬೈಯುವ ಮುಂಚೆ ಇದನ್ನು ನೆನಪಿಸಿಕೊಳ್ಳಬಹುದು.

ಇನ್ನು ನೆರಳಿಗೆ ಬರುತ್ತೇನೆ.

ಮೊದಲು ಪೆನ್ಸಿಲ್. ಹಳಬರು ಅದನ್ನು ಸೀಸದ ಕಡ್ಡಿ ಎನ್ನುತ್ತಿದ್ದರು. ಅದರಲ್ಲಿ ಸೀಸ ಚೂರೂ ಇಲ್ಲ. ಇರುವುದು ಗ್ರಾಫೈಟ್, ಅಂದರೆ ಇಂಗಾಲ. ತಪ್ಪು ನಮ್ಮವರದ್ದಲ್ಲ. ಇಂಗ್ಲೆಂಡಿನ ಬಾರೋಡೇಲ್‌ನಲ್ಲಿ 16ನೇ ಶತಮಾನದಲ್ಲಿ ಇದರ ದೊಡ್ಡ ನಿಕ್ಷೇಪ ಸಿಕ್ಕಾಗ ಅಲ್ಲಿಯವರೂ ಸೀಸದ ಬಗೆ ಎಂದೇ ತಿಳಿದರು. ಶೀಲೆ ಎಂಬ ರಸಾಯನ ವಿಜ್ಞಾನಿ 1779ರಲ್ಲಿ ಅದು ಇಂಗಾಲ ಎಂದು ತೋರಿಸುವ ಹೊತ್ತಿಗೆ ಹೆಸರು ಬಾಯಿಗೆ ಅಂಟಿಬಿಟ್ಟಿತ್ತು. ಗ್ರಾಫೈಟಿನಲ್ಲಿ ಇಂಗಾಲದ ಪದರಗಳು ಅಡುಕಿಟ್ಟ ಹಪ್ಪಳದ ಹಾಗೆ ಇರುತ್ತವೆ. ಪದರದ ಒಳಗೆ ಹಿಡಿತ ಗಟ್ಟಿ. ಪದರ ಪದರದ ನಡುವೆ ಸಡಿಲ. ಕಾಗದದ ನಾರು ತಾಗಿದರೆ ಸಾಕು, ಮೇಲಿನ ಹಪ್ಪಳಗಳು ಜಾರಿ ನಾರಿನ ಸಂದಿಯಲ್ಲಿ ಕೂರುತ್ತವೆ. ಉಜ್ಜಿದಾಗ ಅವು ಇನ್ನಷ್ಟು ಹರಡಿ, ಕಪ್ಪಿನಿಂದ ಬಿಳಿಗೆ ಮೆಲ್ಲಗೆ ಇಳಿಯುವ ಒಂದು ಇಳಿಜಾರು ಸಿಗುತ್ತದೆ. ಈ ಪದ್ಧತಿಯವರು ಹತ್ತಿಯಿಂದ ಮಾಡಿದ ಇಟಲಿಯ ಒರಟು ಕಾಗದ ಹಿಡಿದದ್ದಕ್ಕೂ ಅರ್ಥವಿದೆ. ನುಣುಪು ಕಾಗದದಲ್ಲಿ ಹಪ್ಪಳ ಕೂರಲು ಜಾಗವೇ ಇಲ್ಲ.

ಆ ಇಳಿಜಾರು ನೋಡಿ ಮೆದುಳಿಗೆ ಯಾಕೆ ‘ಉಬ್ಬು’ ಎನಿಸಬೇಕು? ಕಾಗದದ ಒಂದು ಜಾಗ ಬೂದು ಕಾಣಲು ಮೂರು ಕಾರಣ ಇರಬಹುದು. ಆ ಜಾಗದ ಬಣ್ಣವೇ ಬೂದು. ಅಥವಾ ಅಲ್ಲಿಗೆ ಬೆಳಕು ಕಡಿಮೆ. ಅಥವಾ ಆ ಜಾಗ ಬೆಳಕಿಗೆ ಓರೆಯಾಗಿ ತಿರುಗಿದೆ. ಕಣ್ಣಿಗೆ ಸಿಗುವುದು ಮೂರೂ ಸೇರಿದ ಮೊತ್ತ ಮಾತ್ರ. ಸಂತೆಯಿಂದ ಬಂದವರು ‘ಒಟ್ಟು ನೂರು ರೂಪಾಯಿ ಆಯ್ತು’ ಎಂದಷ್ಟೇ ಹೇಳಿ, ಬದನೆಗೆಷ್ಟು, ಬೆಂಡೆಗೆಷ್ಟು, ಸೊಪ್ಪಿಗೆಷ್ಟು ಎಂದು ನಮ್ಮನ್ನೇ ಕೇಳಿದ ಹಾಗೆ. ಬಿಡಿಸಲು ಸಾಧ್ಯವಿಲ್ಲ. ಸೊಪ್ಪಿನ ಬೆಲೆ ಯಾವತ್ತೂ ಇಪ್ಪತ್ತೇ ಎಂದು ಒಂದನ್ನು ಗಟ್ಟಿ ಹಿಡಿದುಕೊಂಡರೆ ಮಾತ್ರ ಲೆಕ್ಕ ಮುಂದಕ್ಕೆ ಹೋಗುತ್ತದೆ. ಮೆದುಳು ಹಾಗೆ ಗಟ್ಟಿ ಹಿಡಿದಿರುವ ಒಂದು ಮಾತು ಇದೆ: ಬೆಳಕು ಒಂದೇ, ಅದು ಮೇಲಿನಿಂದ ಬರುತ್ತದೆ.

ಅಳಗುಳಿ ಮಣೆಯ ಫೋಟೋ ತೆಗೆದು ತಲೆಕೆಳಗು ಮಾಡಿ ನೋಡಿ. ಗುಳಿಗಳೆಲ್ಲ ಉಬ್ಬಿದ ಬನ್ನಾಗುತ್ತವೆ. ಗುಳಿಯಲ್ಲಿ ಮೇಲಂಚು ಕಪ್ಪು, ಕೆಳಗಂಚು ಬೆಳ್ಳಗೆ. ಬನ್ನಿನಲ್ಲಿ ಇದು ಅದಲು ಬದಲು. ಫೋಟೋ ತಿರುಗಿತು, ಆದರೆ ಮೆದುಳಿನ ಸೂರ್ಯ ತಿರುಗಲಿಲ್ಲ. ಚೆನ್ನೈನಲ್ಲಿ ವೈದ್ಯಕೀಯ ಓದಿ ಅಮೆರಿಕದಲ್ಲಿ ನೆಲೆಸಿದ ವಿ.ಎಸ್. ರಾಮಚಂದ್ರನ್ 1988ರಲ್ಲಿ ಇದನ್ನು ಬಹಳ ಚೆಂದವಾಗಿ ಬಿಡಿಸಿ ತೋರಿಸಿದರು. ಕಪ್ಪು-ಬಿಳುಪು ಇಳಿಜಾರಿನ ಸಾದಾ ಬಿಲ್ಲೆಗಳು. ಮೇಲೆ ಬೆಳ್ಳಗಿದ್ದವು ಮೊಟ್ಟೆಯಂತೆ, ಕೆಳಗೆ ಬೆಳ್ಳಗಿದ್ದವು ಗುಳಿಯಂತೆ ಕಂಡವು. ಎಡ-ಬಲ ಇಳಿಜಾರು ಕೊಟ್ಟಾಗ ಮಾತ್ರ ಮೆದುಳಿಗೆ ಗೊಂದಲ. ಆಗಲೂ ಒಂದು ಸಾಲು ಉಬ್ಬಿದರೆ ಎದುರು ಸಾಲು ತಗ್ಗಲೇಬೇಕು. ಎರಡು ಸೂರ್ಯನನ್ನು ಮೆದುಳು ಒಪ್ಪುವುದೇ ಇಲ್ಲ.

ಇದು ಹುಟ್ಟಿದ ಮೇಲೆ ಕಲಿತದ್ದೋ, ಹುಟ್ಟುವಾಗಲೇ ಬಂದದ್ದೋ? ಹರ್ಷ್‌ಬರ್ಗರ್ ಎಂಬ ಸಂಶೋಧಕ ಕೋಳಿಮರಿಗಳನ್ನು ಕೆಳಗಿನಿಂದ ಬೆಳಕು ಬರುವ ಗೂಡಿನಲ್ಲೇ ಬೆಳೆಸಿದ. ಮೇಲಿನ ಬೆಳಕನ್ನೇ ಕಾಣದ ಮರಿಗಳು. 1970ರಲ್ಲಿ ಆತ ಪ್ರಕಟಿಸಿದ ಫಲಿತಾಂಶ ಇಷ್ಟು: ಉಬ್ಬು-ತಗ್ಗಿನ ಚಿತ್ರ ತೋರಿಸಿದಾಗ ಆ ಮರಿಗಳೂ ಬೆಳಕು ಮೇಲಿನಿಂದ ಬಂದ ಹಾಗೇ ನಡೆದುಕೊಂಡವು. ಕೋಟ್ಯಂತರ ವರ್ಷದ ಸೂರ್ಯ ಮೊಟ್ಟೆಯೊಳಗೇ ಸೇರಿಕೊಂಡಿದ್ದಾನೆ. ಜೀವವಿಕಾಸ ಇದನ್ನು ಉಲ್ಟಾ ಕೂಡ ಬಳಸಿಕೊಂಡಿದೆ. ರಾಣೆಬೆನ್ನೂರಿನ ಹೆಣ್ಣು ಕೃಷ್ಣಮೃಗದ ಬೆನ್ನು ಕಂದು, ಹೊಟ್ಟೆ ಬಿಳಿ. ಬೆನ್ನಿಗೆ ಬಿಸಿಲು, ಹೊಟ್ಟೆಗೆ ನೆರಳು. ಎರಡೂ ಒಂದನ್ನೊಂದು ವಜಾ ಮಾಡಿ ದುಂಡು ಮೈ ಚಪ್ಪಟೆಯಾಗಿ ಹುಲ್ಲಿನಲ್ಲಿ ಕರಗುತ್ತದೆ. ಈ ತತ್ವವನ್ನು 1896ರಲ್ಲಿ ಬರೆದು ಮುಂದಿಟ್ಟ ಅಬಟ್ ಥೇಯರ್ ಒಬ್ಬ ಚಿತ್ರಕಾರ. ನೆರಳು ತೀಡುತ್ತಿದ್ದವನಿಗೇ, ನೆರಳು ಅಳಿಸಿಕೊಂಡ ಪ್ರಾಣಿ ಕಂಡಿತು.

ಚಂದ್ರನ ಕಥೆಯೂ ಇಂಥದ್ದೇ. 1609ರ ಜುಲೈನಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದುರ್ಬೀನಿನಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದ. ಬೆಳಕು-ಕತ್ತಲೆಯ ಗಡಿ ಅಂಕುಡೊಂಕು ಎಂದು ಗೆರೆ ಎಳೆದ, ಅಷ್ಟೇ. ಅದೇ ವರ್ಷದ ಕೊನೆಗೆ ಗೆಲಿಲಿಯೋ ನೋಡಿದ. ಅವನಿಗೆ ಚಿತ್ರಕಲೆಯ ಅಭ್ಯಾಸವಿತ್ತು, ನೆರಳು ಹೇಗೆ ಬೀಳುತ್ತದೆ ಎಂದು ಕೈಯಿಗೇ ಗೊತ್ತಿತ್ತು. ಕತ್ತಲೆಯ ಭಾಗದಲ್ಲಿ ಮಿನುಗುವ ಚುಕ್ಕಿಗಳು ಬೆಳಗಿನ ಬಿಸಿಲು ತಾಗಿದ ಬೆಟ್ಟದ ನೆತ್ತಿ ಎಂದು ಅವನು ಓದಿದ. ಕಂಡದ್ದನ್ನೆಲ್ಲ ಅವನು ಬರೆದ ಪುಸ್ತಕ 1610ರಲ್ಲಿ ಬಂದ ಮೇಲೆ ಹ್ಯಾರಿಯಟ್‌ನ ಚಂದ್ರನಲ್ಲೂ ಕುಳಿಗಳು ಕಾಣಿಸಿಕೊಂಡವು! ಗೆಲಿಲಿಯೋನ ಗೆಳೆಯ ಚಿಗೋಲಿ ರೋಮಿನ ಒಂದು ಚರ್ಚಿನಲ್ಲಿ ಮೇರಿಯ ಕಾಲಕೆಳಗೆ ಕುಳಿಬಿದ್ದ ಚಂದ್ರನನ್ನೇ ಬರೆದ.

ಮತ್ತೆ ನಮ್ಮ ಚೌಕಕ್ಕೆ. ಇಲ್ಲಿ ಒಂದು ತೊಡಕಿದೆ. ಝೆಂಟ್ಯಾಂಗಲ್ ಚೌಕಕ್ಕೆ ಮೇಲೆ-ಕೆಳಗೆ ಎಂಬುದಿಲ್ಲ. ಬರೆಯುವಾಗ ಕೈಗೆ ಅನುಕೂಲವಾದ ಹಾಗೆ ತಿರುಗಿಸುತ್ತಾ ಹೋಗುತ್ತೇವೆ. ಮೆದುಳಿನ ಸೂರ್ಯನೋ ಮೇಲೆಯೇ ಕೂತಿದ್ದಾನೆ. ನಾನು ಮೊದಮೊದಲು ಪ್ರತಿ ಮುತ್ತಿಗೂ ಕೆಳಗಂಚಿನಲ್ಲಿ ನೆರಳು ಕೊಡುತ್ತಿದ್ದೆ, ಚೌಕ ತಿರುಗಿಸುತ್ತಲೇ. ಮುಗಿದ ಮೇಲೆ ಅಕ್ಕನ ಮಗಳು ನೋಡಿ, ‘ಮಾಮ, ಇವು ಮುತ್ತು, ಇವು ಯಾಕೆ ತೂತು?’ ಎಂದಳು. ಸರಿಯಾಗೇ ಹೇಳಿದ್ದಳು. ಅರ್ಧ ಮುತ್ತುಗಳಿಗೆ ನಾನು ಇನ್ನೊಬ್ಬ ಸೂರ್ಯನನ್ನು ತಂದಿದ್ದೆ.

ಪಳಗಿದವರ ಚೌಕಗಳನ್ನು ಆಮೇಲೆ ಗಮನವಿಟ್ಟು ನೋಡಿದೆ. ಅವರು ಒಂದೇ ಅಂಚಿಗೆ ನೆರಳು ಕೊಡುವುದು ಕಡಿಮೆ. ಹಾಲಿಬಾ ಎಂಬ ವಿನ್ಯಾಸ ತೆಗೆದುಕೊಳ್ಳಿ. ಜೋಡಿ ಗೆರೆಯ ಪಟ್ಟಿಗಳು, ಹೊಸ ಪಟ್ಟಿ ಯಾವಾಗಲೂ ಹಳೆಯದರ ಹಿಂದೆ. ನೆರಳು ಬೀಳುವುದು ಪಟ್ಟಿ ಹಿಂದಕ್ಕೆ ನುಸುಳುವ ಜಾಗದಲ್ಲಿ, ಎರಡೂ ಕಡೆ. ಮುತ್ತಿಗಾದರೆ ಸುತ್ತಲೂ. ಅಂದರೆ ಇಲ್ಲಿ ಸೂರ್ಯನೇ ಇಲ್ಲ. ಇದು ಮೋಡದ ಬೆಳಕು. ಆಷಾಢದಲ್ಲಿ ಮಲೆನಾಡಿನ ಅಂಗಳ ನೆನಪಿಸಿಕೊಳ್ಳಿ. ಆಕಾಶವಿಡೀ ಒಂದೇ ಬಿಳಿ ಚಾದರ. ಯಾವುದಕ್ಕೂ ನೆರಳಿಲ್ಲ. ಆದರೂ ಹೆಂಚಿನ ಸಂದಿ, ಸೌದೆ ರಾಶಿಯ ನಡುವು, ಬುಟ್ಟಿಯ ಹೆಣಿಗೆಯ ಮೂಲೆ ಕಪ್ಪಗೇ ಇರುತ್ತವೆ. ಸಂದಿಯ ಒಳಗೆ ಕೂತ ಇರುವೆಗೆ ಆಕಾಶದ ಒಂದು ಸೀಳು ಮಾತ್ರ ಕಾಣುತ್ತದೆ, ಅಷ್ಟೇ ಬೆಳಕು ಅದಕ್ಕೆ ಸಿಗುತ್ತದೆ. ಬಾವಿಗೂ ಇದೇ ಲೆಕ್ಕ, ಬೆರಳ ಸಂದಿಗೂ ಇದೇ. ಆಳವಾದದ್ದು ಕಪ್ಪು. ಈ ಲೆಕ್ಕಕ್ಕೆ ದಿಕ್ಕು ಬೇಡ. ಆದ್ದರಿಂದಲೇ ಚೌಕವನ್ನು ಹೇಗೆ ತಿರುಗಿಸಿದರೂ ಹೆಣಿಗೆ ಹೆಣಿಗೆಯಾಗೇ ಉಳಿಯುತ್ತದೆ. ಮೇಲೆ-ಕೆಳಗಿಲ್ಲದ ಚಿತ್ರಕ್ಕೆ ದಿಕ್ಕಿಲ್ಲದ ಬೆಳಕು ಎಷ್ಟು ಚೆನ್ನಾಗಿ ಒಗ್ಗಿದೆ ನೋಡಿ!

ಅಕ್ಕನ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಎರಡು ಚೌಕ ಮಾಡಿದಳು. ಒಂದರಲ್ಲಿ ಕೆಳಗಂಚಿಗೆ ಮಾತ್ರ ನೆರಳು ಕೊಟ್ಟ ಮುತ್ತುಗಳು. ಇನ್ನೊಂದರಲ್ಲಿ ಸುತ್ತಲೂ ನೆರಳು. ಎರಡನ್ನೂ ಗೋಡೆಗೆ ಅಂಟಿಸಿ, ಬೆನ್ನು ತಿರುಗಿಸಿ ನಿಂತು, ಬಗ್ಗಿ ಕಾಲ ಸಂದಿಯಿಂದ ನೋಡಿದಳು. ಮೆದುಳಿನ ಸೂರ್ಯ ನಮ್ಮ ನೆತ್ತಿಗೇ ಅಂಟಿಕೊಂಡಿರುತ್ತಾನೆ, ತಲೆ ಕೆಳಗಾದರೆ ಅವನೂ ಕೆಳಗೆ. ಮೊದಲ ಚೌಕದ ಮುತ್ತುಗಳೆಲ್ಲ ತೂತಾದವು ಎಂದು ಬಗ್ಗಿದಲ್ಲಿಂದಲೇ ಕೂಗಿದಳು. ಎರಡನೆಯದು ಹಾಗೇ ಇದೆಯಂತೆ.