ಎಂಜಿನ್ ಸ್ಟ್ಯಾಂಡಿನ ಮೇಲೆ ಪಳಗುವುದಿಲ್ಲ

ಬಿಚ್ಚಿ ಕಟ್ಟಿದ ಎಂಜಿನ್ನನ್ನು ಜೀಪಿಗೆ ಏರಿಸುವ ಮೊದಲು ಹೊರಗೇ ಒಮ್ಮೆ ಓಡಿಸಿ ನೋಡುವುದು ನನ್ನ ಪದ್ಧತಿ. ಕೊಡಗಿನ ಸುಂಟಿಕೊಪ್ಪದ ನನ್ನ ಶೆಡ್ಡಿನಲ್ಲಿ ಅದಕ್ಕೆಂದೇ ಕಬ್ಬಿಣದ ಸ್ಟ್ಯಾಂಡ್ ಇದೆ. ಎಂಜಿನ್ ಸ್ಟಾರ್ಟ್ ಆಗಿ ಹೊಗೆ ಉಗುಳಿತೋ ಇಲ್ಲವೋ, ಪಕ್ಕದಲ್ಲಿ ನಿಂತ ಮಾಲೀಕರ ಬಾಯಿಂದ ಒಂದೇ ಮಾತು: ‘ನಿಲ್ಲಿಸಬೇಡಿ ಮೇಸ್ತ್ರಿ, ಸಂಜೆಯವರೆಗೆ ಓಡಲಿ. ಚೆನ್ನಾಗಿ ಪಳಗಲಿ.’

ಪಳಗುವುದಿಲ್ಲ. ಎಷ್ಟು ಬಾರಿ ಹೇಳಿದರೂ ಈ ಮಾತು ಯಾರ ಕಿವಿಗೂ ಇಳಿಯದ ಕಾರಣ ಬರೆದೇ ಹೇಳುತ್ತಿದ್ದೇನೆ.

ಹೊಸದಾಗಿ ಬೋರ್ ಮಾಡಿಸಿದ ಸಿಲಿಂಡರಿನ ಒಳಮೈಯಲ್ಲಿ ಓರೆಕೋರೆಯಾಗಿ ಗೀಚಿದಂಥ ಸಣ್ಣ ಗೆರೆಗಳಿರುತ್ತವೆ. ಹೋನಿಂಗ್, ಅಂದರೆ ಒಳಮೈಯನ್ನು ಕಲ್ಲಿನಿಂದ ಉಜ್ಜುವ ಕೆಲಸ, ಮಾಡುವವನು ಬೇಕೆಂದೇ ಬಿಟ್ಟ ಗೆರೆಗಳು ಅವು. ಪಿಸ್ಟನ್ನಿನ ಸುತ್ತ ಕೂರಿಸಿದ ಹೊಸ ರಿಂಗುಗಳು ಆ ಗೆರೆಗಳ ಏಣನ್ನು ಉಜ್ಜಿ, ತಾವೂ ಸವೆದು, ಗೋಡೆಗೆ ಹೊಂದಿಕೊಳ್ಳಬೇಕು, ಪಳಗುವುದೆಂದರೆ ಇದೇ. ಉಜ್ಜಲು ಒತ್ತಡ ಬೇಕು. ರಿಂಗಿಗೆ ತನ್ನದೇ ಆದ ಬಿಗಿ ಇರುವುದು ಸ್ವಲ್ಪ ಮಾತ್ರ. ಎಂಜಿನ್ನಿಗೆ ಹೊರೆ ಬಿದ್ದಾಗ ಉರಿಯುವ ಅನಿಲ ರಿಂಗಿನ ಹಿಂದಕ್ಕೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ಸ್ಟ್ಯಾಂಡಿನ ಮೇಲಿನ ಎಂಜಿನ್ನಿಗೆ ಯಾವ ಹೊರೆ? ತನ್ನನ್ನು ತಾನು ತಿರುಗಿಸಿಕೊಳ್ಳುವುದಷ್ಟೇ ಅದರ ಕೆಲಸ. ತೋಟದ ಕತ್ತಿಯನ್ನು ಸಾಣೆಕಲ್ಲಿನ ಮೇಲೆ ಒತ್ತದೆ ಸುಮ್ಮನೆ ಸವರುತ್ತ ಕೂತರೆ ಹರಿತವಾಗುತ್ತದೆಯೇ? ಇಲ್ಲಿ ಅದಕ್ಕಿಂತಲೂ ಕೆಟ್ಟದ್ದಾಗುತ್ತದೆ. ಗೆರೆಗಳಲ್ಲಿ ನಿಂತ ಆಯಿಲ್ ಸುಟ್ಟು ವಾರ್ನಿಷಿನಂತೆ ಗಟ್ಟಿಯಾಗಿ ಗೋಡೆಯೆಲ್ಲ ನುಣುಪಾಗುತ್ತದೆ. ಆಮೇಲೆ ರಿಂಗ್ ಉಜ್ಜಲು ಏನೂ ಉಳಿದಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಸಿದ್ದಾಪುರದ ಕಡೆಯ ಬೆಳೆಗಾರರೊಬ್ಬರು ಮಹೀಂದ್ರ ಎಂಎಂ 540 ಜೀಪಿನ ಎಂಜಿನ್ ಕಟ್ಟಿಸಿದರು. 2,112 ಸಿಸಿಯ ಪೂಜೋ ಡೀಸೆಲ್. ಕೊಡವರ ಆಯುಧದ ಹಬ್ಬ ಕೈಲ್ ಮುಹೂರ್ತಕ್ಕೆ ಜೀಪ್ ಮನೆಯಲ್ಲಿರಬೇಕೆಂಬ ಅವಸರ. ಅವರ ಒತ್ತಾಯಕ್ಕೆ ಮಣಿದು ಬೆಳಿಗ್ಗೆಯಿಂದ ಸಂಜೆಯವರೆಗೆ ಐಡಲಿನಲ್ಲಿ, ಅಂದರೆ ಹೊರೆಯಿಲ್ಲದೆ ನಿಧಾನವಾಗಿ ತಿರುಗಲು ಬಿಟ್ಟೆ. ಅವರೋ ಕುರ್ಚಿ ಹಾಕಿಕೊಂಡು, ಬೆಲ್ಲದ ಕಾಫಿ ಕುಡಿಯುತ್ತ ಆ ಸದ್ದನ್ನು ಸಂಗೀತದ ಹಾಗೆ ಕೇಳಿದರು. ಕಾಫಿ ಕೊಯ್ಲಿನ ಹೊತ್ತಿಗೆ ಜೀಪ್ ಆಯಿಲ್ ಸುಟ್ಟ ನೀಲಿ ಹೊಗೆ ಬಿಡುತ್ತ ಮರಳಿ ಬಂತು. ಹೆಡ್ ಎತ್ತಿ ಟಾರ್ಚ್ ಬಿಟ್ಟೆ. ಗೆರೆಯ ಗುರುತೂ ಇರಲಿಲ್ಲ, ನಾಲ್ಕು ಸಿಲಿಂಡರುಗಳೂ ಉಕ್ಕಿನ ಲೋಟದ ಹಾಗೆ ಹೊಳೆಯುತ್ತಿದ್ದವು. ಮತ್ತೆ ಹೋನಿಂಗ್, ಮತ್ತೆ ರಿಂಗ್. ಸಾಮಾನಿನ ದುಡ್ಡು ಅವರು ಕೊಟ್ಟರು, ಕೂಲಿ ನಾನು ಕೇಳಲಿಲ್ಲ. ಬೇಡ ಎಂದು ಗೊತ್ತಿದ್ದೂ ಓಡಿಸಿದವನು ನಾನೇ ತಾನೆ.

ಹಾಗಾದರೆ ಸ್ಟ್ಯಾಂಡ್ ಏಕೆ? ಸೋರಿಕೆ, ಸದ್ದು, ಆಯಿಲ್ ಒತ್ತಡ, ನೀರಿನ ಹರಿವು, ಇಷ್ಟನ್ನು ನೋಡಲು. ಮೊದಲು ಸ್ಟಾಪ್ ಲಿವರ್ ಎಳೆದು ಹಿಡಿದು, ಡೀಸೆಲ್ ಹೋಗದಂತೆ ಸ್ಟಾರ್ಟರಿನಲ್ಲಿ ತಿರುಗಿಸಿ, ಆಯಿಲ್ ಒತ್ತಡದ ಗೇಜಿನ ಮುಳ್ಳು ಏಳುವವರೆಗೆ ಕಾಯುತ್ತೇನೆ. ಒಣಗಿದ ಹೊಸ ಬೇರಿಂಗುಗಳಿಗೆ ಆ ತಾಳ್ಮೆ ಬೇಕು. ಸ್ಟಾರ್ಟರ್ ಬಿಸಿಯಾಗದಂತೆ ನಡುನಡುವೆ ಬಿಡುವೂ ಬೇಕು. ಹೊತ್ತಿದ ಮೇಲೆ ಹದಿನೈದು, ಇಪ್ಪತ್ತು ನಿಮಿಷ ಸಾಕು. ವಾಲ್ವುಗಳನ್ನು ತೆರೆಯುವ ಕ್ಯಾಮ್ ಮತ್ತು ಟ್ಯಾಪೆಟ್ ಹೊಸದಾಗಿದ್ದರೆ ಸಾಮಾನ್ಯವಾಗಿ ಆ ಹೊತ್ತೆಲ್ಲ 2,000 ಆರ್‌ಪಿಎಂ ಆಸುಪಾಸಿನಲ್ಲೇ ಇಡುತ್ತೇನೆ. ಆದರೆ ನಿಮ್ಮ ಎಂಜಿನ್ನಿನ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ಸರಿ. ಮಳೆ ಎಂದು ಶೆಡ್ಡಿನ ಬಾಗಿಲು ಮುಚ್ಚಿ ಓಡಿಸುವವರನ್ನೂ ಕಂಡಿದ್ದೇನೆ. ಹೊಗೆಯಲ್ಲಿ ಬಣ್ಣ, ವಾಸನೆ ಯಾವುದೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ತಲೆ ಸುತ್ತುವ ಹೊತ್ತಿಗೆ ಎದ್ದು ಹೋಗುವ ಶಕ್ತಿಯೂ ಉಳಿದಿರುವುದಿಲ್ಲ. ಬಾಗಿಲು ತೆರೆದಿಡಿ, ನೆನೆದರೆ ನೆನೆಯಿರಿ.

ಈಗಿನ ಕಾರುಗಳ ಎಂಜಿನ್ನನ್ನು ಹೀಗೆ ಓಡಿಸಿಕೊಡಿ ಎಂದು ತರಬೇಡಿ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು, ಕಳ್ಳತನ ತಡೆಯುವ ಇಮ್ಮೊಬಿಲೈಸರ್, ಪೆಡಲಿನ ಸೆನ್ಸರ್ ಎಲ್ಲ ಬಾಡಿಯಲ್ಲೇ ಉಳಿದಿರುತ್ತವೆ. ಅದು ಹೊತ್ತಿಕೊಳ್ಳುವುದೇ ಕಷ್ಟ.

ಪಳಗಿಸುವ ಕೆಲಸಕ್ಕೆ ಕೊಡಗಿನವರು ಎಲ್ಲಿಗೂ ಹೋಗಬೇಕಾಗಿಲ್ಲ, ಮನೆ ಮುಂದೆಯೇ ಏರು ಇದೆ. ಜೀಪಿಗೆ ಕೂರಿಸಿ, ಎಂಜಿನ್ ಬಿಸಿಯಾದ ಮೇಲೆ ಇಲ್ಲಿಂದ ಮಡಿಕೇರಿಯ ಕಡೆಗೆ ಹತ್ತಿ. ಮೂರನೆಯ ಗೇರಿನಲ್ಲಿ ಆಕ್ಸಿಲರೇಟರನ್ನು ಅರ್ಧಕ್ಕಿಂತ ತುಸು ಹೆಚ್ಚು ಒತ್ತಿ, ಕಾಲು ಬಿಡಿ, ಮತ್ತೆ ಒತ್ತಿ. ಎಂಜಿನ್ ಏದುಸಿರು ಬಿಡುವಂತಿದ್ದರೆ ಎರಡನೆಯದಕ್ಕೆ ಇಳಿಸಿ. ಹಿಂದೆ ನಾಲ್ಕು ಗೊಬ್ಬರದ ಚೀಲಗಳಿದ್ದರೆ ಇನ್ನೂ ಒಳ್ಳೆಯದು, ಹತ್ತು ಬೇಡ. ನೀರಿನ ಬಿಸಿ ತೋರಿಸುವ ಮುಳ್ಳಿನ ಮೇಲೆ ಕಣ್ಣಿರಲಿ. ಮೊದಲ 500 ಕಿಲೋಮೀಟರಿಗೆ ಆಯಿಲ್ ಬದಲಿಸಲು ನನ್ನಲ್ಲಿಗೇ ಬನ್ನಿ, ಫಿಲ್ಟರ್ ಬಿಚ್ಚಿ ನೋಡಬೇಕು. ಮಂಜು ಕವಿದಿದ್ದರೆ ಮಾತ್ರ ಆ ದಿನ ಹತ್ತಬೇಡಿ, ನಾಳೆ ಹೋಗಿ.